ಸ್ಟ್ರೆಪ್ಟೋಕಾಕಸ್‌ನ ನಯವಾದ ಕತ್ತರಿ
ಗಂಟಲು ನೋವಿನಿಂದ ಹಿಡಿದು ಮಾಂಸವನ್ನೇ ಕೊಳೆಸುವ ಮಾರಕ ಸೋಂಕಿನವರೆಗೆ ನಾನಾ ಕಾಯಿಲೆಗಳನ್ನು ತರುವ ಸ್ಟ್ರೆಪ್ಟೋಕಾಕಸ್ ಪಯೋಜಿನಿಸ್ ಎಂಬ ಬ್ಯಾಕ್ಟೀರಿಯ ಹೊರಕ್ಕೆ ಸ್ರವಿಸುವ ಕಿಣ್ವಗಳಲ್ಲಿ, ಅಂದರೆ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ಪ್ರೋಟೀನುಗಳಲ್ಲಿ, ಕುಶಲತೆಯ ದೃಷ್ಟಿಯಿಂದ ಮೊದಲ ಮನ್ನಣೆ ಸಲ್ಲಬೇಕಾದುದು ಐಡಿಇಎಸ್‌ಗೆ. ಇದೇ ಜೀವಿಯ ಸ್ಪೆಬಿ ಎಂಬ ಕಿಣ್ವ ಹಲವು ಬಗೆಯ ಪ್ರೋಟೀನುಗಳನ್ನು ಕಡಿಯುವ ಮಚ್ಚಿನಂತಿದ್ದರೆ, ಐಡಿಇಎಸ್ ಅಕ್ಕಸಾಲಿಗನ ಕತ್ತರಿಯಂತೆ ಐಜಿಜಿ ಎಂಬ ಪ್ರತಿಕಾಯವೊಂದನ್ನೇ ಆರಿಸಿಕೊಳ್ಳುತ್ತದೆ. ಪ್ರತಿಕಾಯವೆಂದರೆ ರೋಗಾಣುಗಳನ್ನು ಗುರುತಿಸುವ, ಕವೆಗೋಲಿನ ಆಕಾರದ ರಕ್ತದ ಪ್ರೋಟೀನು. ಅದರ ಎರಡು ತೋಳುಗಳು ಶತ್ರುವನ್ನು ಹಿಡಿಯುತ್ತವೆ, ಕಾಂಡವು ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಇವೆರಡೂ ಕೂಡುವ ಕೀಲಿನ ತುಸು ಕೆಳಗೆ, ಅಕ್ಕಪಕ್ಕದ ಎರಡು ಗ್ಲೈಸಿನ್ ಅಮೈನೋ ಆಮ್ಲಗಳ ನಡುವೆ, ಈ ಕಿಣ್ವ ಕತ್ತರಿಯಾಡಿಸುವುದರಿಂದ ಹಿಡಿತ ಉಳಿದರೂ ಕರೆ ಅಡಗುತ್ತದೆ; ಹಗೆಯದೇ ಆದರೂ ಈ ಕೈಚಳಕಕ್ಕೆ ತಲೆದೂಗದಿರುವುದು ಕಷ್ಟ. 2002ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು ವಿವರಿಸಿದ ಇದೇ ಅಣು ಇಮ್ಲಿಫಿಡೇಸ್ ಎಂಬ ಔಷಧವಾಗಿ 2020ರಲ್ಲಿ ಯುರೋಪಿನಲ್ಲಿ ಷರತ್ತುಬದ್ಧ ಅನುಮತಿ ಪಡೆದು, ದಾನಿಯ ಮೂತ್ರಪಿಂಡವನ್ನು ತಿರಸ್ಕರಿಸುವ ಪ್ರತಿಕಾಯಗಳು ರಕ್ತದಲ್ಲಿ ತುಂಬಿರುವ ರೋಗಿಗಳಿಗೆ ಕಸಿಯ ದಾರಿ ತೆರೆಯಿತು. ಆದರೆ ಕೆಲವೇ ದಿನಗಳಲ್ಲಿ ಪ್ರತಿಕಾಯಗಳು ಮತ್ತೆ ತಲೆಯೆತ್ತುವುದರಿಂದ ಶಸ್ತ್ರವೈದ್ಯರಿಗೆ ಸಿಗುವ ಬಿಡುವು ಚಿಕ್ಕದು.