ಪ್ರವಾಸ ಕಥನದ ಜಮಾ-ಖರ್ಚು

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಒಂದು ಅಮೆರಿಕಾ ಪ್ರವಾಸ ಕಥನವನ್ನು ನನ್ನ ಕೈಗಿಡುತ್ತಾರೆ. ಮಗನನ್ನೋ ಮಗಳನ್ನೋ ನೋಡಲು ಬಂದು, ಆರು ತಿಂಗಳಿದ್ದು ಹೋದವರು ಬರೆದದ್ದು. ‘ನೀವು ಅಲ್ಲೇ ಇರೋರು, ಓದಿ ಹೇಳಿ’ ಎನ್ನುತ್ತಾರೆ. ಓದುತ್ತೇನೆ. ನಯಾಗರ, ಡಿಸ್ನಿಲ್ಯಾಂಡ್, ಹಾರನ್ ಮಾಡದ ಕಾರುಗಳು, ಕಸವಿಲ್ಲದ ರಸ್ತೆಗಳು ಎಲ್ಲ ಬಂದುಹೋಗುತ್ತವೆ. ಕೊನೆಯ ಅಧ್ಯಾಯದಲ್ಲಿ ಒಂದು ಮಾತು ತಪ್ಪದೆ ಕಾಯುತ್ತಿರುತ್ತದೆ: ಈ ಪ್ರವಾಸದಿಂದ ನನ್ನ ದೃಷ್ಟಿ ವಿಶಾಲವಾಯಿತು. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯೂ ಅಲ್ಲೇ ಪಕ್ಕದಲ್ಲಿರುತ್ತದೆ. ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ ಎಂಬ ಇನ್ನೊಂದು ಗಾದೆಯೂ ನಮ್ಮಲ್ಲಿದೆ. ಅದನ್ನು ಯಾರೂ ನೆನೆಯುವುದಿಲ್ಲ.

ನಾನು ಸಾಹಿತ್ಯ ಓದಿಕೊಂಡವನಲ್ಲ. ಬಿಕಾಂ ಮಾಡಿ, ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡಿ, ಸಿಎ ಆದವನು. ಹಾಗಾಗಿ ಈ ‘ವಿಶಾಲವಾಯಿತು’ ಎಂಬ ಮಾತು ಕಂಡಾಗ ನನಗೆ ನೆನಪಾಗುವುದು ನಮ್ಮ ಕಸುಬಿನ ಒಂದು ನಿಯಮ. ಒಂದು ವ್ಯಾಪಾರ ತಾನಾಗಿ ಬೆಳೆಸಿಕೊಂಡ ಹೆಸರನ್ನು, ಅಂದರೆ ಗುಡ್‌ವಿಲ್ಲನ್ನು, ತನ್ನ ಆಸ್ತಿಯ ಪಟ್ಟಿಯಲ್ಲಿ ತೋರಿಸುವಂತಿಲ್ಲ. ಇನ್ನೊಬ್ಬರು ಆ ವ್ಯಾಪಾರವನ್ನು ಬೆಲೆ ಕೊಟ್ಟು ಕೊಂಡಾಗ ಮಾತ್ರ ಅದು, ಕೊಂಡವರ ಪುಸ್ತಕದಲ್ಲಿ, ಅಂಕಿಯಾಗಿ ಕಾಣಿಸಿಕೊಳ್ಳುತ್ತದೆ. ಇಂಡಿಯಾದಲ್ಲೂ ಅಮೆರಿಕದಲ್ಲೂ ಇದೇ ನಿಯಮ. ಪ್ರವಾಸ ಕಥನಕ್ಕೂ ಇದನ್ನು ಅನ್ವಯಿಸಬಹುದು ಅಂತ ನನಗನ್ನಿಸುತ್ತದೆ. ‘ನಾನು ಬೆಳೆದೆ’ ಎಂದು ಲೇಖಕ ತಾನೇ ಜಮೆ ಮಾಡಿಕೊಳ್ಳುವ ಹಾಗಿಲ್ಲ. ಓದುಗನಿಗೆ ಹಾಗೆ ಕಂಡರೆ ಅವನು ಬರೆದುಕೊಳ್ಳಲಿ.

ಈ ಅಳತೆಗೋಲು ಹಿಡಿದರೆ, ಅಮೆರಿಕದ ಬಗ್ಗೆ ನಮ್ಮ ಹಿರಿಯರು ಬರೆದ ಪುಸ್ತಕಗಳ ಶೀರ್ಷಿಕೆಯಲ್ಲೇ ಎಷ್ಟೋ ವಿಷಯ ಗೊತ್ತಾಗುತ್ತದೆ. ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡಿದ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರದು ‘ಅಮೆರಿಕದಲ್ಲಿ ನಾನು’. ದೊಡ್ಡ ದೇಶದೆದುರು ಒಂದು ಪುಟ್ಟ ‘ನಾನು’, ಅಷ್ಟೇ, ವಿಶೇಷಣವಿಲ್ಲ. ಸಿರಾಕ್ಯೂಸ್‌ನಲ್ಲಿ ಓದಿದ ಹೊನ್ನಾವರದ ಕೃಷ್ಣಾನಂದ ಕಾಮತರದು ‘ನಾನೂ ಅಮೇರಿಕೆಗೆ ಹೋಗಿದ್ದೆ’. ಇಲ್ಲಿ ಮಜವೆಲ್ಲ ಆ ‘ನಾನೂ’ ಎಂಬುದರ ದೀರ್ಘದಲ್ಲಿದೆ. ಫಾರಿನ್ ರಿಟರ್ನ್ಡ್ ಎಂಬ ಹಮ್ಮನ್ನು ಅದು ಒಂದೇ ಅಕ್ಷರದಲ್ಲಿ ತಮಾಷೆ ಮಾಡುತ್ತದೆ. ಎ.ಎನ್. ಮೂರ್ತಿರಾಯರು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದರು. ನೋಡಿದ್ದನ್ನು ಮುದಿಗಣ್ಣಿನ ರಿಯಾಯಿತಿ ಕಳೆದು ತೆಗೆದುಕೊಳ್ಳಿ ಎಂದು ಹೊಸ್ತಿಲಲ್ಲೇ ಹೇಳಿದಂತೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’. ಗೊರೂರು ಎಂದರೆ ಲೇಖಕ ರಾಮಸ್ವಾಮಿ ಅಯ್ಯಂಗಾರರು. ಗೊರೂರು ಎಂದರೆ ಹೇಮಾವತಿ ದಂಡೆಯ ಒಂದು ಊರು ಕೂಡ. ಬಂದದ್ದು ಮನುಷ್ಯನೋ ಊರೋ? ಎರಡೂ. ನಮ್ಮ ಭಾಷೆಯಲ್ಲಿ ಇದು ಡಬಲ್ ಎಂಟ್ರಿ: ಅಲ್ಲಿ ಕಂಡ ಪ್ರತಿಯೊಂದಕ್ಕೂ ಇಲ್ಲೊಂದು ನಮೂದು. ನನ್ನ ಕೈಗೆ ಬರುವ ಬಹುಪಾಲು ಕಥನಗಳಲ್ಲಿ ಒಂದೇ ಕಡೆ ನಮೂದು ಇರುತ್ತದೆ. ಕಂಡದ್ದರ ಪಟ್ಟಿ ಇದೆ, ಆದರೆ ಅದು ಊರಿನ ಯಾವ ಖಾತೆಯನ್ನು ಕದಲಿಸಿತು ಎಂಬುದಿಲ್ಲ. ಅಮೆರಿಕಕ್ಕೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ ಬರೀ ಪಟ್ಟಿಗೂ ಬೆಲೆಯಿತ್ತು. ಈಗ ಅದನ್ನು ಫೋನೇ ಕೊಡುತ್ತದೆ.

ಹಾಗಾದರೆ ಇಲ್ಲೇ ನೆಲೆಸಿದ ನಾವು ಹೆಚ್ಚು ಬೆಳೆದವರೇ? ಹೌದು ಎಂದೇ ಬಹಳ ವರ್ಷ ನಂಬಿದ್ದೆ. ಇಲ್ಲಿಗೆ ಬಂದ ಹೊಸದರಲ್ಲಿ ಹೆಸರಿನ ಮುಂದೆ ಸಿಎ ಎಂದು ಬರೆದರೆ ಜನ ಅದನ್ನು ಕ್ಯಾಲಿಫೋರ್ನಿಯಾ ಎಂದು ಓದುತ್ತಿದ್ದರು. ಮತ್ತೆ ಪರೀಕ್ಷೆಗೆ ಕೂತೆ, ಸಿಪಿಎ ಆದೆ. ಮೊದಲು ಲಾಸ್ ಏಂಜಲೀಸ್ ಕಡೆಯ ಆರ್ಟೀಸಿಯಾದ ಪಕ್ಕದ ಸೆರಿಟೋಸ್‌ನಲ್ಲಿದ್ದೆ, ಆಮೇಲೆ ಸ್ಯಾನ್ ಡಿಯಾಗೋಗೆ ಬಂದೆ. ಈ ಕಥೆಯನ್ನು ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ಎಷ್ಟು ಸಲ ಹೇಳಿದ್ದೇನೋ! ಪ್ರತಿ ಸಲವೂ ಅದರ ಕೊನೆ, ಆ ಪ್ರವಾಸ ಕಥನಗಳ ಕೊನೆಯ ಅಧ್ಯಾಯದ ಹಾಗೆಯೇ ಇರುತ್ತಿತ್ತು.

2014ರಲ್ಲಿ ಅಪ್ಪ ಬಂದರು. ಚನ್ನರಾಯಪಟ್ಟಣದ ಹತ್ತಿರದ ನಮ್ಮ ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದವರು. ಅವರಿಗೆ ಊರಿನ ನೆನಪಾಗದಿರಲಿ ಅಂತ ತಿಂಗಳಿಗೊಮ್ಮೆ, ಸುಮಾರು ನೂರು ಮೈಲಿ ಓಡಿಸಿ, ಆರ್ಟೀಸಿಯಾದ ಪಯೋನಿಯರ್ ಬುಲೆವಾರ್ಡ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಸೀರೆ ಅಂಗಡಿ, ಚಿನ್ನದಂಗಡಿ, ದೋಸೆ, ಕರಿಬೇವು. ಮೂರನೆಯ ಸಲಕ್ಕೆ ಅವರು ಕೇಳಿದರು: “ಅಲ್ಲ ಕಣೋ, ಇಷ್ಟು ದೂರ ಬಂದು ಮತ್ತೆ ಇದನ್ನೇ ಯಾಕೆ ತೋರಿಸ್ತೀಯ? ಈ ಊರಿಗೆ ಆರ್ಟೀಸಿಯಾ ಅಂತ ಯಾಕೆ ಬಂತು ಹೆಸರು?”

“ಅದು ಹೆಸರು, ಅಷ್ಟೇ ಅಪ್ಪ” ಎಂದೆ.

ಅವರು ಸುಮ್ಮನಿರಲಿಲ್ಲ. ನಾನು ಸಾಮಾನು ತರುವಷ್ಟರಲ್ಲಿ, ಬೆಂಚಿನ ಮೇಲೆ ಕೂತಿದ್ದ ಒಬ್ಬ ಪೋರ್ಚುಗೀಸ್ ಮುದುಕರ ಜೊತೆ ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಮಾತಿಗಿಳಿದಿದ್ದರು. ಅವತ್ತು ವಾಪಸ್ ಬರುವಾಗ ಕಾರಿನಲ್ಲಿ ಪಾಠ ಹೇಳಿದವರು ಅಪ್ಪ, ಕೇಳಿದವನು ನಾನು. ಆರ್ಟೀಸಿಯನ್ ಬಾವಿ ಎಂದರೆ ಪಂಪಿಲ್ಲದೆ ನೀರು ತನ್ನ ಒತ್ತಡದಿಂದಲೇ ಮೇಲೆ ಚಿಮ್ಮುವ ಬಾವಿ. ಅವು ಇಲ್ಲಿದ್ದದ್ದರಿಂದ ಆ ಹೆಸರು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಇದು ಡಚ್ಚರು ಮತ್ತು ಪೋರ್ಚುಗೀಸರ ಹೈನುಗಾರಿಕೆಯ ಸೀಮೆ. ಮನೆಗೆ ಬಂದು ಹುಡುಕಿದರೆ ಎಲ್ಲ ನಿಜ. ನಾನು ಮೊದಲು ಮನೆ ಮಾಡಿದ್ದ ಸೆರಿಟೋಸ್, 1956ರಲ್ಲಿ ನಗರವಾದಾಗ ಅದರ ಹೆಸರೇ ಡೇರಿ ವ್ಯಾಲಿ. ಜನಕ್ಕಿಂತ ಹಸುಗಳೇ ಹೆಚ್ಚಿದ್ದ ನಗರ. ಮನೆ ಕಟ್ಟುವವರು ಹೊಲ ನುಂಗದಿರಲಿ ಎಂದೇ ಹೈನುಗಾರರು ಹಾಗೆ ನಗರ ಮಾಡಿಕೊಂಡಿದ್ದರು. ಆದರೂ ಜಮೀನಿನ ಬೆಲೆ ಏರಿತು, ಹಸುಗಳು ಚೀನೋ ಕಡೆಗೆ ಹೋದವು, 1967ರಲ್ಲಿ ಹೆಸರೂ ಬದಲಾಯಿತು. ಪೋರ್ಚುಗೀಸರ ಹಾಲ್ ಮಾತ್ರ ಆರ್ಟೀಸಿಯಾದಲ್ಲಿ ಇನ್ನೂ ಇದೆ.

ಅಲ್ಲೇ ಪಕ್ಕದಲ್ಲಿ ವರ್ಷಗಟ್ಟಲೆ ಇದ್ದು, ಅಲ್ಲಿ ಮೂಟೆಗಟ್ಟಲೆ ಅಕ್ಕಿ ಕೊಂಡ ನನಗೆ ಇದೊಂದೂ ಗೊತ್ತಿರಲಿಲ್ಲ. ಹೊರದೇಶಕ್ಕೆ ಬಂದವನು ನಾನು. ಪ್ರವಾಸ ಮಾಡಿದವರು ಅಪ್ಪ.

ಅಪ್ಪ 2019ರಲ್ಲಿ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ಒಂದು ಜೇಬುಪುಸ್ತಕ ಸಿಕ್ಕಿತು, ಅಮೆರಿಕದ ಆರು ತಿಂಗಳದ್ದು. ಎಡಕ್ಕೆ ಇಲ್ಲಿಯದು, ಬಲಕ್ಕೆ ಊರಿನದು. ‘ಗ್ಯಾಲನ್ = 3.78 ಲೀ.’ ‘ಎರಡು ಪರ್ಸೆಂಟ್ ಕೊಬ್ಬಿನ ಹಾಲಿಗೂ ಗಟ್ಟಿ ಹಾಲಿಗೂ ಒಂದೇ ರೇಟು. ನಮ್ಮಲ್ಲಿ ಫ್ಯಾಟ್ ನೋಡಿ ದುಡ್ಡು ಕೊಡುತ್ತೇವೆ.’ ಒಂದು ಪುಟದಲ್ಲಿ, ಎಡಕ್ಕೆ: ‘ಹಸು ಇದ್ದ ಜಾಗದಲ್ಲಿ ಸೈಟು. ಹಸು ಚೀನೋಗೆ.’ ಬಲಕ್ಕೆ: ‘ಕೆರೆ ಪಕ್ಕದ ಗೋಮಾಳ ಎಷ್ಟು ಉಳಿದಿದೆ? ವಿಚಾರಿಸುವುದು.’ ಅದ್ಭುತ, ಅವಿಸ್ಮರಣೀಯ ಎಂಬ ಶಬ್ದಗಳಿಲ್ಲ. ತಾನು ಬದಲಾದೆ ಎಂಬ ಮಾತಂತೂ ಎಲ್ಲೂ ಇಲ್ಲ.

ತಿಥಿಗೆ ಬಂದ ಪಕ್ಕದ ಮನೆಯವರೊಬ್ಬರು ಊಟವಾದ ಮೇಲೆ ಜಗಲಿಯ ಮೇಲೆ ಕೂತು ಹೇಳಿದರು: “ನಿಮ್ಮಪ್ಪ ಅಮೆರಿಕದಿಂದ ಬಂದ್ಮೇಲೆ ಬೇರೆ ಥರಾನೇ ಆಗಿದ್ರು ಕಣಪ್ಪ. ಗೋಮಾಳದ ಸರ್ವೆ ಮಾಡಿಸ್ಬೇಕು ಅಂತ ಎರಡು ವರ್ಷ ಓಡಾಡಿದ್ರು. ಒತ್ತುವರಿ ಮಾಡಿದ್ದೋರಲ್ಲಿ ನಾನೂ ಒಬ್ಬ. ನನ್ನ ಹತ್ರಾನೂ ಬಂದು ಕೂತ್ರು. ಎರಡು ಸಾಲು ತೆಂಗಿನ ಗಿಡ ಬಿಟ್ಟುಕೊಟ್ಟೆ.”

ಸರ್ವೆ ಕಡೆಗೂ ಪೂರ್ತಿ ಆಯಿತೋ ಇಲ್ಲವೋ ಅವರು ಹೇಳಲಿಲ್ಲ. ಮಾತು ಬೇರೆ ಕಡೆ ಹೋಯಿತು. ಆದರೆ ಎರಡು ಸಾಲು ತೆಂಗು ಬಿಟ್ಟವರು ಬೆಲೆ ಕೊಟ್ಟವರು. ಗುಡ್‌ವಿಲ್ ಜಮೆಯಾಗಬೇಕಾದದ್ದು ಹೀಗೆ, ಇನ್ನೊಬ್ಬರ ಪುಸ್ತಕದಲ್ಲಿ.

ಆದ್ದರಿಂದ ಪ್ರವಾಸ ಕಥನ ಬರೆಯುವ ಹಿರಿಯರಿಗೆ ನನ್ನ ಕೋರಿಕೆ ಇಷ್ಟು: ಕೊನೆಯ ಅಧ್ಯಾಯ ಬಿಟ್ಟುಬಿಡಿ. ಅದರ ಬದಲು ಬಲಗಡೆಯ ಪುಟ ತುಂಬಿಸಿ. ಮಕ್ಕಳು ತೋರಿಸಿದ್ದನ್ನಷ್ಟೇ ನೋಡಬೇಡಿ. ನಮ್ಮಂಥವರು ನಿಮ್ಮನ್ನು ಕರೆದೊಯ್ಯುವುದು ನಮಗೆ ಗೊತ್ತಿರುವ ಅಂಗಡಿಗಳಿಗೆ. ನಮಗೆ ಗೊತ್ತಿಲ್ಲದ್ದನ್ನು ಕೇಳಿ, ಕೇಳಿ ನಮ್ಮನ್ನು ಪೇಚಿಗೆ ಸಿಕ್ಕಿಸಿ.

ಇಲ್ಲೇ ಇದ್ದು ಬರೆಯುವ ನನ್ನಂಥವರ ಕಷ್ಟ ಬೇರೆ. ನಮಗೆ ಹಿಂತಿರುಗುವ ವಿಮಾನದ ತಾರೀಖಿಲ್ಲ. ನಾಳೆ ನೋಡಿದರಾಯಿತು ಎಂದು ಇಪ್ಪತ್ತು ವರ್ಷ ಕಳೆಯುತ್ತೇವೆ. ಎಡಗಡೆಯ ಪುಟವೇ ನಮ್ಮಲ್ಲಿ ಖಾಲಿ. ಹೊರನಾಡು ನನ್ನನ್ನು ಬೆಳೆಸಿತೇ ಎಂದು ಯಾರಾದರೂ ಕೇಳಿದರೆ ಈಗ ನಾನು ಸಿಪಿಎ ಕಥೆ ಹೇಳುವುದಿಲ್ಲ. ಲೆಕ್ಕ ಪರಿಶೋಧಕ ತನ್ನ ಲೆಕ್ಕವನ್ನು ತಾನೇ ಪರಿಶೋಧಿಸುವಂತಿಲ್ಲ. ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಮಗನಿಗೆ ಈಗ ಹದಿಮೂರು. ಹೋದ ತಿಂಗಳು ಆರ್ಟೀಸಿಯಾದಲ್ಲಿ ಕರಿಬೇವು ಕೊಂಡ ಮೇಲೆ ಅವನನ್ನು ಆ ಪೋರ್ಚುಗೀಸ್ ಹಾಲಿನ ತನಕ ನಡೆಸಿಕೊಂಡು ಹೋದೆ, ಅಜ್ಜನ ಕಥೆ ಹೇಳಿದೆ. ಬಾಗಿಲು ಹಾಕಿತ್ತು. “ಒಳಗೆ ಏನಿದೆ?” ಎಂದ. ಗೊತ್ತಿಲ್ಲ ಎಂದೆ.