ಮೊದಲು ಪರದೆ, ಆಮೇಲೆ ಪುಟ

ಪುಸ್ತಕ ಓದಿದ ಮೇಲೆಯೇ ಸಿನಿಮಾ ನೋಡಬೇಕು ಎನ್ನುವವರ ಮಾತಿಗೆ ನನ್ನ ತಕರಾರಿಲ್ಲ, ಮಾಯೆ-ಮಂತ್ರದ ಕಥೆಗಳನ್ನು ಬಿಟ್ಟು. ಅಲ್ಲಿ ಸಿನಿಮಾ ಮೊದಲಾಗುವುದೇ ಮೇಲು.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಕನ್ನಡಿಗರಿಗೆ ಮನೆಯೊಳಗೆ ಕನ್ನಡವಾದರೆ ಟಾಕೀಸಿನೊಳಗೆ ತೆಲುಗು. ಹಾಗಾಗಿ ಕೆ.ವಿ. ರೆಡ್ಡಿಯವರ ‘ಪಾತಾಳ ಭೈರವಿ’ (1951) ನಮಗೂ ಮನೆಯ ಆಸ್ತಿಯೇ. ತೋಟರಾಮುಡಾಗಿ ಎನ್.ಟಿ. ರಾಮರಾವ್ ಇದ್ದರೂ ಕಣ್ಣು ಹೋಗುವುದು ನೇಪಾಳ ಮಾಂತ್ರಿಕ ಎಸ್.ವಿ. ರಂಗಾರಾವ್ ಕಡೆಗೆ. ನಿರ್ಮಾಪಕರಾದ ನಾಗಿರೆಡ್ಡಿ-ಚಕ್ರಪಾಣಿ ಜೋಡಿಯೇ ‘ಚಂದಮಾಮ’ ಪತ್ರಿಕೆಯನ್ನೂ ಹೊರತಂದದ್ದು. ಕನ್ನಡದ ಮಕ್ಕಳಿಗೆ ಬೇತಾಳನನ್ನು ಕೊಟ್ಟವರೂ ಅವರೇ ಅನ್ನಿ.

ಈ ಸಿನಿಮಾದ ಬೇರು ಮಧಿರ ಸುಬ್ಬನ್ನ ದೀಕ್ಷಿತರ ‘ಕಾಶೀ ಮಜಿಲೀ ಕಥಲು’. ಹನ್ನೆರಡು ಭಾಗಗಳ ಗ್ರಂಥ. ಮಣಿಸಿದ್ಧನೆಂಬ ಯತಿ ಕಾಶಿಗೆ ಹೊರಡುತ್ತಾನೆ. ಜೊತೆಗೆ ದನ ಕಾಯುವ ಹುಡುಗ. ಅವನದೊಂದೇ ಕರಾರು: ದಾರಿಯಲ್ಲಿ ಕಂಡದ್ದನ್ನು ಕೇಳುತ್ತೇನೆ, ತಂಗಿದಲ್ಲಿ ಕಥೆ ಹೇಳಬೇಕು. ಸಿನಿಮಾದಲ್ಲಿ ಈ ನಡಿಗೆಯೇ ಇಲ್ಲ. ಅಲ್ಲಾವುದ್ದೀನನ ದೀಪದ ಕಥೆಯನ್ನೂ ಬೆರೆಸಿಕೊಂಡು ಅದು ಬಲಿಪೀಠದಿಂದ ಸಂಜೀವಿನಿಗೆ, ಅಲ್ಲಿಂದ ಹಾರುವ ಅರಮನೆಗೆ ಓಡುತ್ತದೆ. ಓಡಲೇಬೇಕು, ಮೂರು ಗಂಟೆಯಲ್ಲಿ ಮುಗಿಯಬೇಕಲ್ಲ! ಗ್ರಂಥಕ್ಕೆ ಆ ಅವಸರವಿಲ್ಲ. ಒಂದು ಕಥೆಯ ಹೊಟ್ಟೆಯಲ್ಲಿ ಇನ್ನೊಂದು, ನಡುವೆ ಪಂಡಿತರ ವಾದ, ವೇಶ್ಯೆಯ ಜಾಣತನ. ಮುಂದೇನಾಯಿತು ಎಂಬ ಆತುರವನ್ನು ಪರದೆಯ ಮೇಲೆ ತೀರಿಸಿಕೊಂಡವನಿಗಷ್ಟೇ ಇಲ್ಲಿ ನಿಧಾನವಾಗಿ ನಡೆಯುವ ತಾಳ್ಮೆ ಬರುತ್ತದೆ.

ಇಂಗ್ಲಿಷಿನಲ್ಲೂ ಹೀಗೇ. ನೀಲ್ ಗೈಮನ್ ದೊಡ್ಡವರಿಗೆಂದೇ ಬರೆದ ‘ಸ್ಟಾರ್‌ಡಸ್ಟ್’ 2007ರಲ್ಲಿ ಸಿನಿಮಾ ಆದಾಗ ಕೊನೆಗೊಂದು ಭರ್ಜರಿ ಕಾಳಗ ಸೇರಿತು, ನಾಯಕ-ನಾಯಕಿ ನಕ್ಷತ್ರಗಳಾಗಿ ಆಕಾಶಕ್ಕೇರಿದರು. ಕಾದಂಬರಿಯಲ್ಲಿ ಮಾಟಗಾತಿ ಮುದುಕಿಯಾಗಿ ಸೋತು ಸುಮ್ಮನೆ ಹೊರಟುಹೋಗುತ್ತಾಳೆ; ನಾಯಕ ಸಾಯುತ್ತಾನೆ, ಸಾವಿಲ್ಲದ ನಾಯಕಿ ಒಬ್ಬಳೇ ಉಳಿಯುತ್ತಾಳೆ. ಸಿನಿಮಾದ ಸುಖ ನೋಡಿ ಬಂದವನಿಗೇ ಈ ಒಂಟಿತನ ಹೆಚ್ಚು ತಟ್ಟುವುದು.

ದೀಕ್ಷಿತರ ತೆಲುಗು ಗ್ರಾಂಥಿಕ, ಗದ್ವಾಲ ಸಂಸ್ಥಾನದ ವಿದ್ವಾಂಸರು ಮೆಚ್ಚುವಂಥದ್ದು. ಹೆದರಬೇಡಿ. ತೆಲುಗು ಲಿಪಿಯಲ್ಲಿ ಕನ್ನಡ ಕಣ್ಣು ಎರಡು ಪುಟ ತಡವರಿಸುತ್ತದೆ, ಅಷ್ಟೆ. ನಾಲಿಗೆಗಂತೂ ಈ ಸೀಮೆಯಲ್ಲಿ ತೆಲುಗು ಹೊಸದಲ್ಲ. ಹನ್ನೆರಡೂ ಭಾಗ ಒಮ್ಮೆಲೇ ತರಬೇಡಿ. ಮೊದಲನೆಯದು ಸಾಕು, ರಾತ್ರಿಗೊಂದು ಮಜಲು, ಗಟ್ಟಿಯಾಗಿ ಓದಿ. ಮಕ್ಕಳು ಪಕ್ಕದಲ್ಲಿದ್ದರೆ ಮಾತ್ರ ಅಂದಿನ ಕಥೆಯನ್ನು ಮೊದಲೇ ಒಮ್ಮೆ ಕಣ್ಣಾಡಿಸಿಕೊಳ್ಳಿ. ಶೃಂಗಾರದ ವಿಷಯದಲ್ಲಿ ದೀಕ್ಷಿತರಿಗೆ ಸಂಕೋಚ ಕಡಿಮೆ.