ಕರುಳಿನ ಸ್ವಚ್ಛತೆಗೆ ಅಂಕ: ಅಳೆದದ್ದೇನು, ಬಿಟ್ಟದ್ದೇನು?

ಕೊಲೊನೊಸ್ಕೋಪಿಗೆ ಮೊದಲು ದೊಡ್ಡ ಕರುಳು ಖಾಲಿಯಾಗಿರಬೇಕು. ಮಲ ಉಳಿದಿದ್ದರೆ ಪುಟ್ಟ ಗಡ್ಡೆಗಳು ವೈದ್ಯರ ಕಣ್ಣಿಗೆ ಬೀಳುವುದಿಲ್ಲ. ಕರುಳು ತೊಳೆಯುವ ಔಷಧಗಳಲ್ಲಿ ಯಾವುದು ಮೇಲು ಎಂದು ಹೋಲಿಸುವ ಪ್ರಬಂಧಗಳು ಬೇಕಾದಷ್ಟಿವೆ. ನಾನು ವೈದ್ಯನಲ್ಲ, ನನ್ನ ತಕರಾರು ಅವುಗಳಲ್ಲಿನ ಅಳತೆಯ ಬಗ್ಗೆ.

1980ರಲ್ಲಿ ಡೇವಿಸ್, ಫೋರ್ಡ್‌ಟ್ರಾನ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಗ್ಲೈಕಾಲ್ ಹಾಗೂ ಲವಣಗಳ ದ್ರಾವಣವೊಂದನ್ನು ಪ್ರಕಟಿಸಿದರು. ಇದರ ಅಭಿಸರಣ ಒತ್ತಡ ರಕ್ತದ್ರವದ ಅಭಿಸರಣ ಒತ್ತಡಕ್ಕೆ ಹೆಚ್ಚುಕಡಿಮೆ ಸಮ. ಆದ್ದರಿಂದ ಕರುಳಿನ ಗೋಡೆಯ ಮೂಲಕ ನೀರು ಒಟ್ಟಾರೆ ಅತ್ತಲೂ ಇತ್ತಲೂ ಹೆಚ್ಚು ಸರಿಯುವುದಿಲ್ಲ. ಕುಡಿದ ದ್ರಾವಣವೇ ಕರುಳನ್ನು ತೊಳೆದು ಹೊರಬೀಳುತ್ತದೆ. ಆದರೆ ಸುಮಾರು 4 ಲೀಟರ್ ಕುಡಿಯಬೇಕು. (ಮೂರನೆಯ ಲೀಟರಿನ ಹೊತ್ತಿಗೆ ನನಗೆ ಅಭಿಸರಣೆಯ ಮೇಲಿನ ಆಸಕ್ತಿಯೇ ಹೋಗಿತ್ತು!) ಸೋಡಿಯಂ ಫಾಸ್ಫೇಟ್ ಇದಕ್ಕೆ ವಿರುದ್ಧ. ಸಾಂದ್ರ ದ್ರಾವಣವಾದ್ದರಿಂದ ಸ್ವಲ್ಪವೇ ಸಾಕು. ತೊಳೆಯುವ ನೀರನ್ನು ಅದು ರೋಗಿಯ ದೇಹದಿಂದಲೇ ಎಳೆದುಕೊಳ್ಳುತ್ತದೆ.

ಹೋಲಿಕೆಗಳು ಮುಖ್ಯವಾಗಿ ಕೇಳಿದ್ದು ಎರಡೇ ಪ್ರಶ್ನೆ: ಕರುಳು ಎಷ್ಟು ಸ್ವಚ್ಛವಾಯಿತು? ರೋಗಿ ಪೂರ್ತಿ ಕುಡಿದರೇ? ಹೀಗೆ ಕೇಳಿದರೆ ಫಾಸ್ಫೇಟ್ ಗೆಲ್ಲದೆ ಇನ್ನೇನು? ಕೆಲವರು ರಕ್ತದ ಲವಣಗಳನ್ನೂ ನೋಡಿದರು, ನಿಜ. ಆದರೆ ಮೂತ್ರಪಿಂಡದ ನಳಿಕೆಗಳಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಸಂಗ್ರಹವಾಗಿ ಆಗುವ ಹಾನಿ ವಾರಗಳ, ತಿಂಗಳುಗಳ ನಂತರವೂ ಬಯಲಾಗಬಹುದು. ಪರೀಕ್ಷೆಯ ದಿನ ಮುಗಿಯುವ ಅಧ್ಯಯನಕ್ಕೆ ಅದು ಸಿಗುವುದು ಹೇಗೆ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ಈ ಬಗ್ಗೆ ಎಚ್ಚರಿಸಿತು. 2008ರಲ್ಲಿ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲೇ ಮುದ್ರಿಸಬೇಕೆಂದಿತು.

ಕುಡಿಯುವ ವೇಳೆಯದೂ ಒಂದು ತೊಡಕು. ಎಲ್ಲವನ್ನೂ ಹಿಂದಿನ ಸಂಜೆಯೇ ಕುಡಿಯುವುದಕ್ಕಿಂತ ಅರ್ಧವನ್ನು ಪರೀಕ್ಷೆಯ ದಿನ ಬೆಳಿಗ್ಗೆ ಕುಡಿದರೆ ಕರುಳು ಹೆಚ್ಚು ಸ್ವಚ್ಛವಾಗುತ್ತದೆ. ಒಂದು ಔಷಧವನ್ನು ಹೀಗೆ ಎರಡು ಕಂತಿನಲ್ಲಿ, ಇನ್ನೊಂದನ್ನು ಒಂದೇ ಸಂಜೆ ಕೊಟ್ಟು ಹೋಲಿಸಿದರೆ ಗೆದ್ದದ್ದು ಔಷಧವೋ ಗಡಿಯಾರವೋ ತಿಳಿಯದು. ಎರಡು ಚರಗಳನ್ನು ಒಟ್ಟಿಗೆ ಬದಲಿಸಿದ ವಿದ್ಯಾರ್ಥಿಗೆ ನಾವು ಪ್ರಯೋಗವನ್ನು ಮತ್ತೆ ಮಾಡಿಸುತ್ತೇವೆ.

ಇನ್ನು ಅಂಕಗಳು. 2004ರ ಒಟ್ಟಾವಾ ಮಾಪಕ ವೈದ್ಯರು ನೀರು ಹಾಯಿಸಿ ತೊಳೆಯುವ ಮೊದಲಿನ ಸ್ಥಿತಿಗೆ ಅಂಕ ಕೊಡುತ್ತದೆ. 2009ರ ಬಾಸ್ಟನ್ ಮಾಪಕ ತೊಳೆದ ನಂತರದ ಸ್ಥಿತಿಗೆ. ಬಾಸ್ಟನ್ ಮಾಪಕದಲ್ಲಿ ಕರುಳಿನ ಮೂರು ಭಾಗಗಳಿಗೆ ತಲಾ 0ಯಿಂದ 3 ಅಂಕ, ಒಟ್ಟು 9. ಎರಡು, ಎರಡು, ಎರಡು ಬಂದರೂ ಮೊತ್ತ 6; ಮೂರು, ಮೂರು, ಸೊನ್ನೆ ಬಂದರೂ 6. ಎರಡನೆಯ ರೋಗಿಯ ಕರುಳಿನ ಒಂದು ಭಾಗವನ್ನು ಯಾರೂ ನೋಡಿಯೇ ಇಲ್ಲ. ಸರಾಸರಿ ಮೊತ್ತವನ್ನಷ್ಟೇ ಅಚ್ಚು ಮಾಡುವ ಪ್ರಬಂಧದಲ್ಲಿ ಈ ಇಬ್ಬರೂ ಒಂದೇ.